ಓಡುತ್ತಿದ್ದ ವೀಡ್ ಕಟರ್ ಟಕ್ ಅಂತ ನಿಂತಿತು, ಹಗ್ಗ ಎಳೆದರೆ ಬರುತ್ತಿಲ್ಲ. ಎಂಜಿನ್ ಹೋಯಿತಾ?

ಅಡಿಕೆತೋಟ_ಶಿರಸಿ
ಎಲ್ಲರಿಗೂ ನಮಸ್ಕಾರ. ವೀಡ್ ಕಟರ್ ಬಗ್ಗೆ ತಿಳಿದವರು ಯಾರಾದರೂ ಇದ್ದರೆ ಸ್ವಲ್ಪ ಹೇಳಿ. ನನ್ನದು ಎರಡು ಸ್ಟ್ರೋಕಿನ 43 ಸಿಸಿ ಮಷಿನ್. ಹೆಗಲಿಗೆ ನೇತು ಹಾಕಿಕೊಳ್ಳುವ ನಮೂನೆ. ಕೊನೆಕೊಯ್ಲು ಹತ್ತಿರ ಬಂತು, ಹುಲ್ಲು ಹೀಗೇ ಬಿಟ್ಟರೆ ಉದುರಡಿಕೆ ಒಂದೂ ಕೈಗೆ ಸಿಗುವುದಿಲ್ಲ ಅಂತ ತೋಟ ಸವರಲು ಶುರು ಮಾಡಿದ್ದೆ. ಮಷಿನ್ ಚೆನ್ನಾಗಿಯೇ ಓಡುತ್ತಿತ್ತು. ಶಕ್ತಿ ಕಡಿಮೆ ಆಗಲಿಲ್ಲ, ಹೊಗೆ ಜಾಸ್ತಿ ಬರಲಿಲ್ಲ, ಕೆಮ್ಮಲೂ ಇಲ್ಲ. ಫುಲ್ ರೇಸಿನಲ್ಲಿ ಇದ್ದದ್ದು ಟಕ್ ಅಂತ ಒಂದು ಶಬ್ದ ಆಯಿತು, ಅಲ್ಲಿಗೆ ನಿಂತಿತು.

ಹಗ್ಗ ಎಳೆದರೆ ಒಂದು ಗೇಣೂ ಬರುತ್ತಿಲ್ಲ. ಪೇಟೆಗೆ ಒಯ್ದೆ. ಅಂಗಡಿಯವರು ಬಿಚ್ಚಲೂ ಇಲ್ಲ. ಹಗ್ಗ ಒಮ್ಮೆ ಎಳೆದು ನೋಡಿ "ಬೋರ್-ಪಿಸ್ಟನ್ ಹಿಡಿದಿದೆ, ಕಿಟ್ ಹಾಕಬೇಕು, ಅದಕ್ಕಿಂತ ಹೊಸದು ತಗೊಳ್ಳಿ" ಅಂದರು. ಬೋರ್ ಅಂದರೆ ಪಿಸ್ಟನ್ ಓಡಾಡುವ ಸಿಲಿಂಡರಿನ ಒಳಮೈ, ಕಿಟ್ ಅಂದರೆ ಸಿಲಿಂಡರ್, ಪಿಸ್ಟನ್, ರಿಂಗ್ ಎಲ್ಲ ಹೊಸದು. ಹೊಸದರ ಕ್ಯಾಟಲಾಗನ್ನೂ ಕೈಗೆ ಕೊಟ್ಟರು! ಮಷಿನ್ ವಾಪಸ್ ತಂದು ಜಗಲಿ ಮೇಲೆ ಇಟ್ಟಿದ್ದೇನೆ. ಇದು ನಿಜವಾಗಿ ಮುಗಿದ ಕಥೆಯಾ, ಅಥವಾ ನಾನೇ ಏನಾದರೂ ನೋಡಬಹುದಾ?

ಬನವಾಸಿಯವ
ಆಯಿಲ್ ಹಾಕದೆ ಓಡಿಸಿದ್ದೀರಿ. ಮುಗೀತು.

ಅಡಿಕೆತೋಟ_ಶಿರಸಿ
@ಬನವಾಸಿಯವ ಇಲ್ಲ ಮಾರಾಯ್ರೆ. ಲೀಟರ್ ಪೆಟ್ರೋಲಿಗೆ 40 ಎಂಎಲ್ ಟೂಟಿ (ಎರಡು ಸ್ಟ್ರೋಕ್ ಎಂಜಿನ್ನಿನ) ಆಯಿಲ್, ನಾನೇ ಅಳೆದು ಬೆರೆಸುವುದು. ಕ್ಯಾನೂ ಬೇರೆಯೇ ಇಟ್ಟಿದ್ದೇನೆ. ಪುಸ್ತಕದಲ್ಲಿ 25ಕ್ಕೆ 1 ಅಂತ ಇದೆ, ಅದರಂತೆಯೇ.

ಕುಮಟಾ_ತೆಂಗು
ನಮ್ಮಲ್ಲೂ ಇದೇ ಆಗಿದ್ದು. ನಾನು ಮನೆಯಲ್ಲಿ ಇರಲಿಲ್ಲ. ಕೆಲಸಕ್ಕೆ ಬಂದ ಹುಡುಗ ಮಿಶ್ರಣ ಖಾಲಿಯಾಯಿತು ಅಂತ ಬೈಕಿಗೆ ತಂದಿಟ್ಟ ಪೆಟ್ರೋಲ್ ಸುರಿದಿದ್ದಾನೆ. ಅರ್ಧ ಟ್ಯಾಂಕ್ ಓಡಿತಂತೆ. ಕೊನೆಗೆ ಕುಂಯ್ ಅಂತ ಎಳೆದುಕೊಂಡು ನಿಂತಿತಂತೆ. ಈಗ ಹಗ್ಗ ಬಿಗಿ. ಅಡಿಕೆತೋಟದವರೆ, ನಿಮ್ಮಲ್ಲಿ ಯಾರೂ ಮುಟ್ಟಿಲ್ಲ ಅಂತ ಖಾತ್ರಿ ಇದೆಯಾ?

ಅಡಿಕೆತೋಟ_ಶಿರಸಿ
ಖಾತ್ರಿ ಇದೆ. ಮನೆಯಲ್ಲಿ ಆ ಮಷಿನ್ ಹತ್ತಿರ ಬರುವವನೇ ನಾನೊಬ್ಬ.

ಅಂಕೋಲಾ_ರಿಪೇರಿ
ಸ್ವಲ್ಪ ತಡೆಯಿರಿ ಎಲ್ಲರೂ. ಕುಮಟಾದವರದು ಎಳೆದುಕೊಂಡು ನಿಂತಿದ್ದು. ಶಿರಸಿಯವರದು ಟಕ್ ಅಂತ ನಿಂತಿದ್ದು. ಎರಡಕ್ಕೂ ವ್ಯತ್ಯಾಸ ಇದೆ. ಆಯಿಲ್ ಇಲ್ಲದೆ ಪಿಸ್ಟನ್ ಹಿಡಿಯುವಾಗ ಸಾಮಾನ್ಯವಾಗಿ ಮೊದಲು ರೇಸ್ ಇಳಿಯುತ್ತದೆ, ಎಂಜಿನ್ ಭಾರವಾದ ಹಾಗೆ ಆಗುತ್ತದೆ, ಆಮೇಲೆ ನಿಲ್ಲುತ್ತದೆ. ಯಾವ ಲಕ್ಷಣವೂ ಇಲ್ಲದೆ ಶಬ್ದ ಮಾಡಿ ನಿಂತರೆ ಒಳಗೆ ಏನೋ ತುಂಡಾಗಿದೆ, ಇಲ್ಲವೇ ಏನೋ ಸಿಕ್ಕಿಕೊಂಡಿದೆ ಅಂತ ನಾನು ನೋಡುತ್ತೇನೆ. ಪಿಸ್ಟನ್ನೇ ಅಂತ ಬಿಚ್ಚದೆ ಹೇಳಲು ಬರುವುದಿಲ್ಲ.

ನಿಂತ ಮಷಿನ್ ಕೈಗೆ ಬಂದರೆ ನಾನು ಮೊದಲು ಕೇಳುವುದು ಹಗ್ಗದ ಕಥೆ. ಹಗ್ಗ ಎಂದಿನಂತೆ ಬಂದರೆ ಕರೆಂಟು ಅಥವಾ ಪೆಟ್ರೋಲ್ ಸಮಸ್ಯೆ. ಏನೂ ಹಿಡಿತವಿಲ್ಲದೆ ಸಡಿಲವಾಗಿ ಬಂದರೆ ಕಂಪ್ರೆಶನ್ ಹೋಗಿದೆ, ಅಂದರೆ ರಿಂಗ್ ಅಥವಾ ಪಿಸ್ಟನ್. ಕೆಲವೊಮ್ಮೆ ಪ್ಲಗ್ಗೇ ಸಡಿಲ ಇರುತ್ತದೆ. ಬರುವುದೇ ಇಲ್ಲ ಅಂದರೆ ಜಾಮ್. ಆದರೆ ಎಲ್ಲಿ ಜಾಮ್? ಅಲ್ಲೇ ಜನ ಮೋಸ ಹೋಗುವುದು.

ಹೀಗೆ ಮಾಡಿ. ಸ್ವಿಚ್ ಆಫ್ ಮಾಡಿ ಪ್ಲಗ್ ಬಿಚ್ಚಿ. ಈಗ ಹಗ್ಗ ಎಳೆಯಿರಿ. ಬಂತು ಅಂದರೆ ಒಳಗೆ ಪೆಟ್ರೋಲ್ ತುಂಬಿಕೊಂಡಿತ್ತು ಅಂತ. ಮಷಿನ್ ಮಲಗಿಸಿ ಇಟ್ಟಾಗ ಹೀಗಾಗುವುದು ಉಂಟು. ಬಾರದಿದ್ದರೆ ಹಗ್ಗದ ಕವರಿನ ನಾಲ್ಕು ಸ್ಕ್ರೂ ತೆಗೆದು ಕವರ್ ಹೊರಗೆ ತನ್ನಿ. ಕವರ್ ಕೈಯಲ್ಲಿ ಹಿಡಿದು ಹಗ್ಗ ಎಳೆಯಿರಿ. ಅಲ್ಲೇ ಬಿಗಿ ಇದ್ದರೆ ಸ್ಟಾರ್ಟರಿನ ಸ್ಪ್ರಿಂಗ್ ಕಥೆ, ಎಂಜಿನ್‌ಗೆ ಏನೂ ಆಗಿಲ್ಲ. ಸ್ಟಾರ್ಟರ್ ಸರಿ ಇದ್ದರೆ ಫ್ಲೈವೀಲನ್ನು, ಅಂದರೆ ಕವರಿನ ಹಿಂದೆ ಕಾಣುವ ರೆಕ್ಕೆಯ ಚಕ್ರವನ್ನು, ಕೈಯಲ್ಲಿ ತಿರುಗಿಸಿ ನೋಡಿ. ಎರಡೂ ಕಡೆಗೆ ತಿರುಗಿಸಿ. ಏನಾಯಿತು ಅಂತ ಇಲ್ಲಿ ಹಾಕಿ.

ಯಲ್ಲಾಪುರ_ಘಟ್ಟ
ಒಂದು ರಾತ್ರಿ ಬಿಟ್ಟು ನೋಡಿ. ನನ್ನದು ಹಿಡಿದಿತ್ತು, ತಣ್ಣಗಾದ ಮೇಲೆ ಹಗ್ಗ ಬಂತು, ಸ್ಟಾರ್ಟೂ ಆಯಿತು. ಸುಮ್ನೆ ಬಿಚ್ಚಿ ಯಾಕೆ ಹಾಳು ಮಾಡಿಕೊಳ್ಳುತ್ತೀರಿ.

ಅಂಕೋಲಾ_ರಿಪೇರಿ
@ಯಲ್ಲಾಪುರ_ಘಟ್ಟ ತಣ್ಣಗಾದ ಮೇಲೆ ಬಿಡುವುದು ನಿಜ. ಅಲ್ಯೂಮಿನಿಯಂ ಪಿಸ್ಟನ್ ಬಿಸಿಗೆ ಹಿಗ್ಗಿ ಬೋರಿಗೆ ಕಚ್ಚಿಕೊಳ್ಳುತ್ತದೆ, ತಣ್ಣಗಾದರೆ ಕುಗ್ಗುತ್ತದೆ. ಆದರೆ ಕಚ್ಚಿದ ಗಾಯ ಅಲ್ಲೇ ಇರುತ್ತದೆ. ಹಾಗೇ ಓಡಿಸಿದರೆ ಇನ್ನೊಮ್ಮೆ ಹಿಡಿಯುವಾಗ ಬೋರನ್ನೂ ಕೆರೆದು ಹಾಕುತ್ತದೆ. ನಿಮ್ಮದು ಈಗ ಹೇಗಿದೆ?

ಯಲ್ಲಾಪುರ_ಘಟ್ಟ
ಮಾರಿದೆ.

ಸಿದ್ದಾಪುರ_ಮಳೆ
😂😂

ಬೇಣದ_ಹುಲ್ಲು
ಬ್ಲೇಡ್ ಕಲ್ಲಿಗೆ ಬಡಿದಿತ್ತಾ? ನಮ್ಮ ಬೇಣದಲ್ಲಿ ಹುಲ್ಲಿನೊಳಗೆ ಎಲ್ಲಾ ಕಡೆ ಜಂಬಿಟ್ಟಿಗೆ ಕಲ್ಲು. ಬಡಿದರೆ ಕೈ ಜುಮ್ ಅನ್ನುತ್ತದೆ. ಒಮ್ಮೆ ಹಾಗೆ ಬಡಿದೇ ನಿಂತಿತ್ತು.

ಅಡಿಕೆತೋಟ_ಶಿರಸಿ
ಕಲ್ಲಿಲ್ಲ. ನೈಲಾನ್ ದಾರ ಹಾಕಿ ಸಸಿಗಳ ಬುಡದಲ್ಲಿ ಮುಟ್ಟಿದರೆ ಮುನಿ ಸವರುತ್ತಿದ್ದೆ. ಬ್ಲೇಡ್ ಹಾಕಿದರೆ ಎರಡು ಸಸಿಯಾದರೂ ಹೋಗುತ್ತವೆ.

ಅಂಕೋಲಾ_ರಿಪೇರಿ
ಬ್ಲೇಡ್ ಬಡಿದರೂ ಏಟು ನೇರ ಎಂಜಿನ್‌ಗೆ ಹೋಗುವುದಿಲ್ಲ, ನಡುವೆ ಕ್ಲಚ್ ಇದೆಯಲ್ಲ. ಬ್ಲೇಡ್ ಗಕ್ಕನೆ ನಿಂತರೆ ಕ್ಲಚ್ ಜಾರುತ್ತದೆ, ರೇಸ್ ಜಾಸ್ತಿ ಇದ್ದರೆ ಎಂಜಿನ್ ಆಫ್ ಆಗಬಹುದು. ಹಗ್ಗ ಜಾಮ್ ಆಗುವುದಿಲ್ಲ. ಆದರೆ ಕ್ಲಚ್ಚಿನ ಸ್ಪ್ರಿಂಗ್ ತುಂಡಾಗಿ ಡ್ರಮ್ಮಿನೊಳಗೆ ಸಿಕ್ಕಿಕೊಂಡರೆ ಎಂಜಿನ್ ತಿರುಗಿಸಲು ಹೋದಾಗ ಬ್ಲೇಡೂ ಜೊತೆಗೆ ತಿರುಗುತ್ತದೆ. ಅದನ್ನೂ ನೋಡಿ. ದಾರದ ತಲೆಯನ್ನು ಕೈಯಲ್ಲಿ ತಿರುಗಿಸಿದರೆ ಸಲೀಸಾಗಿ ತಿರುಗಬೇಕು.

ಮಿರ್ಜಾನ್_ಗಜನಿ
ಇಷ್ಟೆಲ್ಲ ಗಲಾಟೆ ಯಾಕೆ. ಔಷಧಿ ಹೊಡೆದರೆ ಹುಲ್ಲೇ ಇಲ್ಲ, ಮಷಿನ್ನೂ ಬೇಡ.

ಬೇಣದ_ಹುಲ್ಲು
@ಮಿರ್ಜಾನ್_ಗಜನಿ ಔಷಧಿ ಅಲ್ಲ ಅದು, ವಿಷ. ಹುಲ್ಲು ಸತ್ತ ತೋಟದಲ್ಲಿ ಮಳೆಗಾಲಕ್ಕೆ ಮಣ್ಣೆಲ್ಲ ಬಸಿಗಾಲುವೆ ಪಾಲು. ನಮ್ಮಲ್ಲಿ ಸವರಿದ ಹುಲ್ಲು ಅರ್ಧ ಕೊಟ್ಟಿಗೆಗೆ, ಅರ್ಧ ಮರದ ಬುಡಕ್ಕೆ. ವಿಷ ಹೊಡೆದರೆ ದನಕ್ಕೆ ಏನು ಹಾಕುತ್ತೀರಿ?

ಮಿರ್ಜಾನ್_ಗಜನಿ
ದನ ಇದ್ದವರಿಗೆ ಸರಿ. ಈಗ ಎಷ್ಟು ಮನೆಯಲ್ಲಿ ದನ ಇದೆ ಹೇಳಿ ನೋಡೋಣ.

ಸಿದ್ದಾಪುರ_ಮಳೆ
ಅದಕ್ಕೆ ಬೇರೆ ಚರ್ಚೆ ಶುರು ಮಾಡಿ ಮಾರಾಯ್ರೆ. ಇಲ್ಲಿ ಶಿರಸಿಯವರ ಮಷಿನ್ ಜಗಲಿ ಮೇಲೆ ಹಾಗೇ ಬಿದ್ದಿದೆ.

ಅಡಿಕೆತೋಟ_ಶಿರಸಿ
ಅಂಕೋಲಾದವರು ಹೇಳಿದ್ದೆಲ್ಲ ಮಾಡಿದೆ.

ಪ್ಲಗ್ ತೆಗೆದರೂ ಹಗ್ಗ ಬರಲಿಲ್ಲ. ಪ್ಲಗ್ ನೋಡಲು ಚೆನ್ನಾಗಿದೆ, ಕಾಫಿ ಬಣ್ಣ. ಸ್ಟಾರ್ಟರ್ ಕವರ್ ತೆಗೆದೆ. ಕವರ್ ಕೈಯಲ್ಲಿ ಹಿಡಿದು ಎಳೆದರೆ ಹಗ್ಗ ಸರಾಗ ಬರುತ್ತದೆ, ವಾಪಸ್ಸೂ ಹೋಗುತ್ತದೆ. ದಾರದ ತಲೆ ಸಲೀಸು. ಫ್ಲೈವೀಲ್ ಮುಂದಕ್ಕೆ ಒಂದಿಷ್ಟೂ ತಿರುಗುವುದಿಲ್ಲ. ಆದರೆ ಹಿಂದಕ್ಕೆ ತಿರುಗಿಸಿದರೆ ಸ್ವಲ್ಪ ಬರುತ್ತದೆ, ಮತ್ತೆ ಮುಂದಕ್ಕೆ ತಂದರೆ ಅದೇ ಜಾಗದಲ್ಲಿ ಟಕ್ ಅಂತ ನಿಲ್ಲುತ್ತದೆ. ಕಬ್ಬಿಣಕ್ಕೆ ಕಬ್ಬಿಣ ತಾಗಿದ ಶಬ್ದ.

ಅಂಕೋಲಾ_ರಿಪೇರಿ
ಹಿಂದಕ್ಕೆ ಬರುತ್ತದೆ ಅಂದರೆ ಪಿಸ್ಟನ್ ಹಿಡಿದಿಲ್ಲ. ಹಿಡಿದ ಪಿಸ್ಟನ್‌ಗೆ ಮುಂದೆ ಹಿಂದೆ ಅಂತ ಬೇಧ ಇಲ್ಲ.

ಟಾರ್ಚ್ ಹಿಡಿದು ಫ್ಲೈವೀಲಿನ ಅಂಚು ನೋಡಿ. ಪಕ್ಕದಲ್ಲಿ ಇಗ್ನಿಶನ್ ಕಾಯಿಲ್ ಇರುತ್ತದೆ. ಪ್ಲಗ್ಗಿಗೆ ಹೋಗುವ ದಪ್ಪ ವಯರ್ ಅದರಿಂದಲೇ ಹೊರಡುವುದು. ಕಾಯಿಲಿನ ಎರಡು ಕಬ್ಬಿಣದ ಕಾಲು ಫ್ಲೈವೀಲಿಗೆ ತೀರಾ ಹತ್ತಿರ ಇರಬೇಕು, ಆದರೆ ತಾಗಬಾರದು. ಎರಡು ಸ್ಕ್ರೂನಲ್ಲಿ ನಿಂತಿರುತ್ತದೆ. ಆ ಸ್ಕ್ರೂ ಇವೆಯಾ ನೋಡಿ.

ಬನವಾಸಿಯವ
ಕಾಯಿಲ್ ಹೋದರೆ ಎಂಜಿನ್ ಆಫ್ ಆಗುತ್ತದೆ ಅಷ್ಟೇ. ಹಗ್ಗ ಯಾಕೆ ಜಾಮ್ ಆಗುತ್ತದೆ? ನಾನು ಇನ್ನೂ ಪಿಸ್ಟನ್ ಅಂತಲೇ ಹೇಳುವುದು.

ಅಡಿಕೆತೋಟ_ಶಿರಸಿ
ಸಿಕ್ಕಿತು!! ಕಾಯಿಲಿನ ಒಂದು ಸ್ಕ್ರೂ ಜಾಗದಲ್ಲಿ ಇಲ್ಲ. ಇನ್ನೊಂದು ಬೆರಳಲ್ಲಿ ತಿರುಗುವಷ್ಟು ಸಡಿಲ. ಇಲ್ಲದ ಸ್ಕ್ರೂ ಎಲ್ಲಿ ಅಂತ ಹುಡುಕಿದರೆ ಫ್ಲೈವೀಲಿಗೂ ಕಾಯಿಲಿನ ಕಾಲಿಗೂ ನಡುವೆ ಓರೆಯಾಗಿ ಕಚ್ಚಿಕೊಂಡು ಕೂತಿದೆ. ಮುಂದಕ್ಕೆ ತಿರುಗಿಸಿದಷ್ಟೂ ಬಿಗಿಯಾಗುತ್ತಿತ್ತು. ಹಿಂದಕ್ಕೆ ತಿರುಗಿಸಿ ಮೂಗಿನ ಇಕ್ಕಳದಲ್ಲಿ ಎಳೆದೆ. ಫ್ಲೈವೀಲಿನ ಆಯಸ್ಕಾಂತ ಎಷ್ಟು ಗಟ್ಟಿ ಹಿಡಿದಿತ್ತು ಅಂದರೆ ಇಕ್ಕಳ ಎರಡು ಸಲ ಜಾರಿತು.

ಸ್ಕ್ರೂವಿನ ತಲೆ ಒಂದು ಕಡೆ ಸವೆದು ಬೆಳ್ಳಗೆ ಹೊಳೆಯುತ್ತಿದೆ. ಫ್ಲೈವೀಲಿನ ಸುತ್ತ ಗೀರು ಬಿದ್ದಿದೆ, ಗಾಳಿ ಬೀಸುವ ಒಂದು ರೆಕ್ಕೆಯ ತುದಿ ಮುರಿದಿದೆ. ಈಗ ಫ್ಲೈವೀಲ್ ಕೈಯಲ್ಲೇ ಗರಗರ ತಿರುಗುತ್ತದೆ. ಪ್ಲಗ್ ತೂತಿಗೆ ಹೆಬ್ಬೆರಳು ಒತ್ತಿದರೆ ಗಾಳಿ ನೂಕುತ್ತದೆ. ಸ್ಕ್ರೂ ಹಾಕಿ ಸ್ಟಾರ್ಟ್ ಮಾಡಲಾ?

ಸಿದ್ದಾಪುರ_ಮಳೆ
ಒಂದು ಸ್ಕ್ರೂಗೆ ಹೊಸ ಮಷಿನ್ ಕೊಡಿಸುತ್ತಿದ್ದರಲ್ಲ!

ಅಂಕೋಲಾ_ರಿಪೇರಿ
ತಡೆಯಿರಿ, ಸ್ಟಾರ್ಟ್ ಮಾಡಬೇಡಿ. ಇಷ್ಟು ಬಿಚ್ಚಿದ ಮೇಲೆ ಸೈಲೆನ್ಸರಿನ ಎರಡು ಬೋಲ್ಟ್ ಕೂಡ ತೆಗೆಯಿರಿ. ಹೊಗೆ ಹೋಗುವ ಕಿಂಡಿಯಿಂದ ಪಿಸ್ಟನ್ ಮೈ ಕಾಣುತ್ತದೆ. ಫ್ಲೈವೀಲ್ ಮೆಲ್ಲಗೆ ತಿರುಗಿಸುತ್ತಾ ಟಾರ್ಚ್ ಬಿಟ್ಟು ನೋಡಿ. ಮೈ ನುಣುಪಾಗಿ, ರಿಂಗ್ ಸಡಿಲವಾಗಿ ಇದ್ದರೆ ಎಂಜಿನ್ ಒಳಗೆ ಚೆನ್ನಾಗಿದೆ. ಮೇಲಿಂದ ಕೆಳಗೆ ಉದ್ದುದ್ದ ಗೀರು ಕಂಡರೆ ಪಿಸ್ಟನ್ ಗಾಯ. ಆ ಗೀರು ಹೊಗೆ ಕಡೆಗೆ ಮಾತ್ರ ಇದ್ದರೆ ಆಯಿಲ್ ಕಡಿಮೆ ಅಥವಾ ಪೆಟ್ರೋಲ್ ಸಾಲದೆ ಬಿಸಿಯಾಗಿದ್ದು. ಕಾರ್ಬ್ಯುರೇಟರ್ ಕಡೆಗೆ ಜಾಸ್ತಿ ಇದ್ದರೆ ಏರ್ ಫಿಲ್ಟರಿನಿಂದ ಧೂಳು ಒಳಗೆ ಹೋಗಿದೆ. ಸುತ್ತಲೂ ಇದ್ದರೆ ಗಾಳಿಯ ದಾರಿ ಹುಲ್ಲಿನಿಂದ ಮುಚ್ಚಿ ಎಂಜಿನ್ ಪೂರ್ತಿ ಕಾದಿದೆ. ಕಿಟ್ ಹಾಕಿ ಅನ್ನುವ ಮೊದಲು ಯಾವ ಮೆಕ್ಯಾನಿಕ್ಕೂ ಮಾಡಬೇಕಾದ ಕೆಲಸ ಇದು. ಹತ್ತು ನಿಮಿಷವೂ ಬೇಡ.

@ಬನವಾಸಿಯವ ಕಾಯಿಲ್ ಕೆಟ್ಟು ಜಾಮ್ ಆಗಿದ್ದಲ್ಲ. ಕಾಯಿಲಿನ ಸ್ಕ್ರೂ ಬಿದ್ದು ಆಗಿದ್ದು.

ಬನವಾಸಿಯವ
ಇದು ಎಲ್ಲೋ ಅಪರೂಪಕ್ಕೆ. ಜಾಮ್ ಆದ ಮಷಿನ್ ತೋರಿಸಿ, ಬಹುಪಾಲು ಆಯಿಲ್ಲೇ ಕಾರಣ. ಕುಮಟಾದವರನ್ನು ಕೇಳಿ.

ಕುಮಟಾ_ತೆಂಗು
ನನ್ನನ್ನು ಯಾಕೆ ಮಾರಾಯ ಎಳೆಯುತ್ತೀರಿ. ಆದರೂ ನಾನೂ ಸೈಲೆನ್ಸರ್ ತೆಗೆದು ನೋಡಿದೆ. ಹೊಗೆ ಕಡೆಗೆ ಪಿಸ್ಟನ್ ಪೂರ್ತಿ ಕೆರೆದು ಹೋಗಿದೆ. ರಿಂಗ್ ಎಲ್ಲಿ, ಪಿಸ್ಟನ್ ಎಲ್ಲಿ ಅಂತ ಗೊತ್ತಾಗುವುದಿಲ್ಲ, ಎರಡೂ ಒಂದಾಗಿ ಮೆತ್ತಿಕೊಂಡಿವೆ. ಬೋರಿನ ಗೋಡೆಗೂ ಬೆಳ್ಳಗೆ ಅಂಟಿದೆ. ಕಿಟ್ ಹಾಕಿಸಬಹುದಾ?

ಅಂಕೋಲಾ_ರಿಪೇರಿ
ಬೋರಿಗೆ ಅಂಟಿದ್ದು ಪಿಸ್ಟನ್ನಿನ ಅಲ್ಯೂಮಿನಿಯಂ. ಒಳಗಿನ ಲೇಪ ಕಿತ್ತಿಲ್ಲದಿದ್ದರೆ ಅದನ್ನು ತೆಗೆದು ಪಿಸ್ಟನ್-ರಿಂಗ್ ಮಾತ್ರ ಹಾಕಬಹುದು. ಅದು ಕೈ ಪಳಗಿದವರ ಕೆಲಸ. ನಿಮ್ಮ ಮಷಿನ್‌ಗೆ ಸಿಲಿಂಡರ್ ಕಿಟ್ ಅಗ್ಗಕ್ಕೆ ಸಿಕ್ಕಿದರೆ ಅದೇ ಒಳ್ಳೆಯದು. ನಿಮ್ಮಲ್ಲಿ ಕಾರಣ ಗೊತ್ತಿದೆ, ಬರೀ ಪೆಟ್ರೋಲ್. ಕಾರಣ ಗೊತ್ತಿಲ್ಲದೆ ಕಿಟ್ ಹಾಕಿಸಿದವರ ಪಾಡು ಬೇಡ. ಆಯಿಲ್ ಸರಿ ಹಾಕಿದರೂ ಹಿಡಿದಿದೆ ಅಂದರೆ ಕ್ರ್ಯಾಂಕಿನ (ಪಿಸ್ಟನ್ ತಿರುಗಿಸುವ ದಂಡದ) ಆಯಿಲ್ ಸೀಲ್ ಅಥವಾ ಕಾರ್ಬ್ಯುರೇಟರ್ ಬುಡದ ಗ್ಯಾಸ್ಕೆಟ್ ಗಾಳಿ ಎಳೆಯುತ್ತಿರಬಹುದು. ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ. ಎರಡು ಸ್ಟ್ರೋಕಿನಲ್ಲಿ ಪೆಟ್ರೋಲ್ ಜೊತೆಗೇ ಆಯಿಲ್ ಬರುವುದರಿಂದ ಅದೂ ಕಡಿಮೆ. ಸೀಲ್ ಬಿಟ್ಟು ಕಿಟ್ ಹಾಕಿದರೆ ಹೊಸ ಪಿಸ್ಟನ್ನಿಗೂ ಅದೇ ಗತಿ.

ಆಸಿಡ್ ಹಾಕಿ ಬೋರ್ ತೊಳೆಯುವ ವಿಡಿಯೋ ನೋಡಿ ಮನೆಯಲ್ಲಿ ಯಾರೂ ಮಾಡಲು ಹೋಗಬೇಡಿ. ಲೇಪದಡಿಯ ಸಿಲಿಂಡರೂ ಅಲ್ಯೂಮಿನಿಯಮ್ಮೇ. ಆಸಿಡ್ ತಾಗಿದರೆ ಅದನ್ನೂ ತಿನ್ನುತ್ತದೆ.

ಅಡಿಕೆತೋಟ_ಶಿರಸಿ
ಸೈಲೆನ್ಸರ್ ತೆಗೆದೆ. ಪಿಸ್ಟನ್ ಮೈ ನುಣುಪಾಗಿದೆ, ಒಂದೂ ಗೀರಿಲ್ಲ. ಮೇಲೆ ಸ್ವಲ್ಪ ಕರಿ ಇದೆ ಅಷ್ಟೆ. ಸೈಲೆನ್ಸರಿನ ಬಾಯಿಯ ಸಣ್ಣ ಜಾಳಿಗೆ ಅರ್ಧ ಮುಚ್ಚಿತ್ತು, ಬ್ರಷ್ಷಿನಲ್ಲಿ ಉಜ್ಜಿ ತೆಗೆದೆ. ಈಗ ಕಾಯಿಲ್ ಕೂರಿಸುವುದು ಹೇಗೆ? ಎಷ್ಟು ಜಾಗ ಬಿಡಬೇಕು?

ಅಂಕೋಲಾ_ರಿಪೇರಿ
ಪುಸ್ತಕದಲ್ಲಿ ಅಳತೆ ಇದ್ದರೆ ಅದೇ. ಇಲ್ಲದಿದ್ದರೆ ಸುಮಾರು 0.3 ಮಿಲಿಮೀಟರ್. ಫೀಲರ್ ಗೇಜ್ ಇಲ್ಲ ಅಂದರೆ ಒಂದು ವಿಸಿಟಿಂಗ್ ಕಾರ್ಡ್ ಸಾಕು. ಎರಡೂ ಸ್ಕ್ರೂ ಸಡಿಲ ಹಾಕಿ, ಆಯಸ್ಕಾಂತದ ಭಾಗ ಕಾಯಿಲಿನ ಎದುರಿಗೆ ಬರುವ ಹಾಗೆ ಫ್ಲೈವೀಲ್ ತಿರುಗಿಸಿ. ನಡುವೆ ಕಾರ್ಡ್ ಇಡಿ. ಕಾಯಿಲ್ ತಾನೇ ಎಳೆದುಕೊಂಡು ಕಾರ್ಡಿಗೆ ಒತ್ತುತ್ತದೆ. ಹಾಗೇ ಇರುವಾಗ ಎರಡೂ ಸ್ಕ್ರೂ ಬಿಗಿ ಮಾಡಿ ಕಾರ್ಡ್ ಹೊರಗೆ ಎಳೆಯಿರಿ. ಒಂದು ಪೂರ್ತಿ ಸುತ್ತು ತಿರುಗಿಸಿ, ಎಲ್ಲೂ ತಾಗಬಾರದು.

ಸವೆದ ಸ್ಕ್ರೂ ಬೇಡ, ಅದೇ ಅಳತೆಯ ಹೊಸದು ಹಾಕಿ. ಸ್ಕ್ರೂವಿನ ಮರೆಗೆ (ಸುತ್ತುಗೆರೆಗೆ) ನೀಲಿ ಬಣ್ಣದ ಥ್ರೆಡ್ ಲಾಕರ್, ಅಂದರೆ ಸ್ಕ್ರೂ ಸಡಿಲವಾಗದ ಹಾಗೆ ಹಿಡಿಯುವ ಅಂಟು, ಒಂದು ಹನಿ. ಕೆಂಪು ಹಾಕಿದರೆ ಮುಂದೆ ಬಿಚ್ಚುವಾಗ ಬಯ್ಯುತ್ತೀರಿ. ಸ್ಕ್ರೂ ಮರೆಯಲ್ಲಿ ಎಣ್ಣೆ ಇದ್ದರೆ ಮೊದಲು ಒರೆಸಿ.

ಇನ್ನೊಂದು. ಅಷ್ಟು ವೇಗದಲ್ಲಿ ಗಕ್ಕನೆ ನಿಂತಿದೆ. ಫ್ಲೈವೀಲ್ ಕ್ರ್ಯಾಂಕಿನ ಮೇಲೆ ಸ್ವಲ್ಪ ಸರಿದಿರಬಹುದು. ಅಲ್ಲಿ ಒಂದು ಸಣ್ಣ ಕೀ ಇರುತ್ತದೆ, ಕೆಲವದರಲ್ಲಿ ಬೇರೆ ತುಂಡು, ಕೆಲವದರಲ್ಲಿ ಫ್ಲೈವೀಲಿನಲ್ಲೇ ಅಚ್ಚು. ಅದು ತುಂಡಾದರೆ ಕಿಡಿ ಬರುತ್ತದೆ, ಆದರೆ ತಪ್ಪು ಹೊತ್ತಿಗೆ ಬರುತ್ತದೆ. ಸ್ಟಾರ್ಟ್ ಆಗುವುದಿಲ್ಲ, ಇಲ್ಲವೇ ಹಗ್ಗ ಕೈಯಿಂದ ವಾಪಸ್ ಕಿತ್ತುಕೊಳ್ಳುತ್ತದೆ. ಹಾಗಾದರೆ ಮತ್ತೆ ಮತ್ತೆ ಎಳೆಯಬೇಡಿ, ಫ್ಲೈವೀಲ್ ತೆಗೆದು ಕೀ ನೋಡಬೇಕು. ಸುತ್ತಿಗೆಯಲ್ಲಿ ಹೊಡೆದು ತೆಗೆಯಬೇಡಿ, ಪುಲ್ಲರ್ ಇದ್ದವರ ಹತ್ತಿರ ಹೋಗಿ. ರೆಕ್ಕೆಯ ತುದಿ ಮುರಿದದ್ದು ಸ್ವಲ್ಪವೇ ಅಂದಿರಿ, ಆದರೂ ಅದುರುವುದು ಜಾಸ್ತಿ ಆದರೆ ಫ್ಲೈವೀಲ್ ಬದಲಿಸಿ.

ಕಾಳಿ_ದಂಡೆ
ಕಾರವಾರದ ಕಡೆಯವರಿಗೆ ಒಂದು ಸೇರಿಸುತ್ತೇನೆ. ಸಮುದ್ರದ ಉಪ್ಪು ಗಾಳಿಗೆ ಕಾಯಿಲಿನ ಕಬ್ಬಿಣದ ಕಾಲೂ ಫ್ಲೈವೀಲೂ ತುಕ್ಕು ಹಿಡಿಯುತ್ತವೆ. ನಮ್ಮನೆ ಮಷಿನ್ ಒಂದು ಮಳೆಗಾಲ ಮೂಲೆಯಲ್ಲಿತ್ತು. ಹೊರಗೆ ತೆಗೆದಾಗ ಕಿಡಿಯೇ ಇಲ್ಲ. ಪ್ಲಗ್ ಬದಲಿಸಿದೆ, ಇಲ್ಲ. ಕಾಯಿಲಿಗೆ ದುಡ್ಡು ಕೊಡುವ ಮೊದಲು ಅಣ್ಣ ಬಂದು ಉಜ್ಜುವ ಕಾಗದದಲ್ಲಿ ತುಕ್ಕು ತೆಗೆದ, ಜಾಗ ಸರಿ ಮಾಡಿದ, ಕಿಡಿ ಬಂತು.

ಇನ್ನೊಂದು ಸ್ವಿಚ್ಚಿನ ವಯರ್. ಈ ಎಂಜಿನ್‌ಗಳಲ್ಲಿ ಆಫ್ ಮಾಡುವುದು ಅಂದರೆ ಕಾಯಿಲಿನ ಕರೆಂಟನ್ನು ಎಂಜಿನ್ ಮೈಗೆ ಇಳಿಸುವುದು. ಅದಕ್ಕೆ ಸ್ವಿಚ್ಚಿನ ವಯರ್ ತುಂಡಾದರೆ ಎಂಜಿನ್ ಆಫ್ ಆಗುವುದಿಲ್ಲ. ಆದರೆ ಅದರ ಸಿಪ್ಪೆ ಸವೆದು ಎಲ್ಲಾದರೂ ಕಬ್ಬಿಣಕ್ಕೆ ತಾಗಿದರೆ ಓಡುತ್ತಿದ್ದದ್ದು ನಿಂತೇ ಬಿಡುತ್ತದೆ. ಹ್ಯಾಂಡಲ್ ಹತ್ತಿರ ವಯರ್ ಬಾಗುವಲ್ಲಿ ನೋಡಿ. ಕಾಯಿಲಿಂದ ಆ ವಯರ್ ಕಳಚಿದಾಗ ಕಿಡಿ ಬಂದರೆ ಕಳ್ಳ ಸಿಕ್ಕ.

ಅಂಕೋಲಾ_ರಿಪೇರಿ
ಸರಿಯಾಗಿ ಹೇಳಿದಿರಿ. ಆ ವಯರ್ ಕಳಚಿ ಸ್ಟಾರ್ಟ್ ಮಾಡಿದರೆ ಸ್ವಿಚ್ಚಿಗೆ ಆಫ್ ಆಗುವುದಿಲ್ಲ ಅನ್ನುವುದು ನೆನಪಿರಲಿ, ಚೋಕ್ ಎಳೆದು ನಿಲ್ಲಿಸಬೇಕು.

ಶರಾವತಿ_ಹೊನ್ನಾವರ
ನಡುವೆ ನುಗ್ಗುತ್ತಿದ್ದೇನೆ, ಕ್ಷಮಿಸಿ. ನನ್ನದು ಹಗ್ಗ ಸಲೀಸು. ತಣ್ಣಗಿದ್ದಾಗ ಒಂದೇ ಎಳೆತಕ್ಕೆ ಸ್ಟಾರ್ಟ್. ಸುಮಾರು ಕಾಲು ಗಂಟೆ ಓಡಿ ನಿಲ್ಲುತ್ತದೆ. ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಸ್ಟಾರ್ಟ್. ಅಂಗಡಿಯಲ್ಲಿ ಕಾರ್ಬ್ಯುರೇಟರ್ ಬದಲಿಸಿದರು, ಅದೇ ಕಥೆ.

ಕಾಳಿ_ದಂಡೆ
ಕಾಯಿಲ್. ಬಿಸಿಯಾದರೆ ಒಳಗಿನ ತಂತಿ ಬಿಡುತ್ತದೆ.

ಯಲ್ಲಾಪುರ_ಘಟ್ಟ
ಟ್ಯಾಂಕ್ ಮುಚ್ಚಳ. ಅದರಲ್ಲಿ ಗಾಳಿ ಹೋಗುವ ತೂತು ಮುಚ್ಚಿದರೆ ಹೀಗೇ ಆಗುವುದು. ಪೆಟ್ರೋಲ್ ಕಡಿಮೆ ಆದ ಹಾಗೆ ಒಳಗೆ ಗಾಳಿ ಬರಬೇಕಲ್ಲ. ಬಾರದಿದ್ದರೆ ಪೆಟ್ರೋಲ್ ಎಂಜಿನ್‌ಗೆ ಹೋಗುವುದಿಲ್ಲ.

ಅಂಕೋಲಾ_ರಿಪೇರಿ
ಇಬ್ಬರೂ ಸರಿ ಇರಬಹುದು. ಜಗಳ ಬೇಡ, ನಿಂತ ಕೂಡಲೇ ಮಷಿನ್ನನ್ನೇ ಕೇಳಿ. ಮುಚ್ಚಳ ಸಡಿಲ ಮಾಡಿ. ಸುಯ್ ಅಂತ ಗಾಳಿ ಎಳೆದುಕೊಂಡು, ಆಮೇಲೆ ಸ್ಟಾರ್ಟ್ ಆದರೆ ಮುಚ್ಚಳ. ಆಗದಿದ್ದರೆ ಬಿಸಿ ಇರುವಾಗಲೇ ಬೇರೊಂದು ಒಳ್ಳೆ ಪ್ಲಗ್ ಅದರ ಕ್ಯಾಪಿಗೆ ಸಿಕ್ಕಿಸಿ ಎಂಜಿನ್ ಮೈಗೆ ತಾಗಿಸಿ, ನೆರಳಲ್ಲಿ ಹಗ್ಗ ಎಳೆದು ಕಿಡಿ ನೋಡಿ. ಪೆಟ್ರೋಲ್ ಚೆಲ್ಲಿದ ಜಾಗದಲ್ಲಿ ಬೇಡ. ಬಿಸಿಯಲ್ಲಿ ಕಿಡಿ ಇಲ್ಲ, ತಣ್ಣಗಾದ ಮೇಲೆ ಇದೆ ಅಂದರೆ ಕಾಯಿಲ್. ಬಿಸಿಯಲ್ಲೂ ಕಿಡಿ ಚೆನ್ನಾಗಿದ್ದರೆ ಟ್ಯಾಂಕಿನೊಳಗಿನ ಫಿಲ್ಟರ್ ಮತ್ತು ಪೈಪ್ ನೋಡಿ.

ಸಿದ್ದಾಪುರ_ಮಳೆ
ಪೆಟ್ರೋಲ್ ವಿಷಯ ಬಂತಲ್ಲ, ಈ ಎಥೆನಾಲ್ ಕಥೆ ಏನು? ನಮ್ಮೂರಲ್ಲಿ ಮಷಿನ್ ಕೆಟ್ಟರೆ ಎಲ್ಲರೂ ಇ20 (ಶೇಕಡಾ 20 ಎಥೆನಾಲ್ ಬೆರೆಸಿದ ಪೆಟ್ರೋಲ್) ಅಂತಾರೆ.

ಬನವಾಸಿಯವ
ಅದೇ ಎಲ್ಲದಕ್ಕೂ ಕಾರಣ. ಮೊದಲು ಹತ್ತು ವರ್ಷ ಬರುತ್ತಿದ್ದ ಮಷಿನ್ ಈಗ ಮೂರು ವರ್ಷ.

ಕಾಳಿ_ದಂಡೆ
@ಬನವಾಸಿಯವ ಬೆಳಿಗ್ಗೆ ಎಲ್ಲದಕ್ಕೂ ಆಯಿಲ್ ಕಾರಣ ಅಂದಿರಿ 🙂

ಅಂಕೋಲಾ_ರಿಪೇರಿ
ಸ್ಕ್ರೂ ಬಿದ್ದಿದ್ದಕ್ಕೆ ಎಥೆನಾಲ್ ಕಾರಣ ಅಲ್ಲ. ಆದರೆ ಅದರದ್ದೂ ಪಾಲಿದೆ, ಇಲ್ಲ ಅನ್ನುವ ಹಾಗಿಲ್ಲ. ಇ20 ಬಂಕುಗಳಿಗೆ ಬರಲು ಶುರುವಾಗಿದ್ದು 2023ರಲ್ಲಿ, ಈಗ ಎಲ್ಲ ಕಡೆ ಅದೇ. ಸಣ್ಣ ಎಂಜಿನ್ ಮಾಡುವ ಹೆಚ್ಚಿನ ಕಂಪನಿಗಳ ಪುಸ್ತಕದಲ್ಲಿ ಶೇಕಡಾ 10ರವರೆಗೆ ಎಥೆನಾಲ್ ಅಡ್ಡಿಲ್ಲ ಅಂತ ಇರುತ್ತದೆ. ಜಾಸ್ತಿ ಆದರೆ ಹಳೆ ರಬ್ಬರ್ ಪೈಪ್, ಪ್ರೈಮರ್ ಗುಳ್ಳೆ, ಕಾರ್ಬ್ಯುರೇಟರಿನ ಡಯಾಫ್ರಮ್ ಗಟ್ಟಿಯಾಗುತ್ತವೆ, ಇಲ್ಲವೇ ಊದಿಕೊಳ್ಳುತ್ತವೆ.

ನಮ್ಮ ಜಿಲ್ಲೆಗೆ ಅದಕ್ಕಿಂತ ದೊಡ್ಡ ತೊಂದರೆ ನೀರು. ಎಥೆನಾಲ್ ಗಾಳಿಯಲ್ಲಿರುವ ತೇವ ಎಳೆದುಕೊಳ್ಳುತ್ತದೆ. ಮಳೆಗಾಲದಲ್ಲಿ ಅರ್ಧ ತುಂಬಿದ ಕ್ಯಾನ್ ತಿಂಗಳುಗಟ್ಟಲೆ ಇಟ್ಟರೆ ನೀರು ಮತ್ತು ಎಥೆನಾಲ್ ಸೇರಿ ಕೆಳಗೆ ಇಳಿಯುತ್ತವೆ. ಟೂಟಿ ಆಯಿಲ್ ಮೇಲಿನ ಪೆಟ್ರೋಲಿನಲ್ಲೇ ಉಳಿಯುತ್ತದೆ. ಮಷಿನ್ ಎಳೆದುಕೊಳ್ಳುವುದು ಟ್ಯಾಂಕಿನ ತಳದಿಂದ. ಅಂದರೆ ನೀವು ಆಯಿಲ್ ಸರಿಯಾಗಿ ಬೆರೆಸಿದ್ದರೂ ಎಂಜಿನ್‌ಗೆ ಹೋಗುವುದು ಆಯಿಲ್ ಇಲ್ಲದ, ನೀರು ಬೆರೆತ ಎಥೆನಾಲ್. ಕೆಲವರು "ಆಯಿಲ್ ಹಾಕಿದ್ದೆ, ಆದರೂ ಹಿಡಿಯಿತು" ಅನ್ನುವುದರ ಹಿಂದೆ ಇದೂ ಇರುತ್ತದೆ. ಒಂದು ಗಾಜಿನ ಬಾಟಲಿಗೆ ಹಾಕಿ ಸ್ವಲ್ಪ ಹೊತ್ತು ಬಿಡಿ. ಎರಡು ಪದರ ಕಂಡರೆ ಚೆಲ್ಲಿ. ತಿಂಗಳಿಗೆ ಆಗುವಷ್ಟೇ ಬೆರೆಸಿ. ಕೆಲಸ ಮುಗಿಸಿ ಮಷಿನ್ ಇಡುವಾಗ ಟ್ಯಾಂಕ್ ಖಾಲಿ ಮಾಡಿ, ತಾನಾಗಿ ನಿಲ್ಲುವ ತನಕ ಓಡಿಸಿ.

ಬೇಣದ_ಹುಲ್ಲು
ಲೀಟರಿಗೆ 40 ಎಂಎಲ್ಲಾ 20 ಎಂಎಲ್ಲಾ? ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ನಾನು ಭಯಕ್ಕೆ 60 ಹಾಕುತ್ತೇನೆ.

ಕಾಳಿ_ದಂಡೆ
ಅಷ್ಟು ಹಾಕಿದರೆ ಸೊಳ್ಳೆಯೂ ಬರುವುದಿಲ್ಲ ತೋಟಕ್ಕೆ.

ಅಂಕೋಲಾ_ರಿಪೇರಿ
ಮಷಿನ್ ಪುಸ್ತಕದಲ್ಲಿ 25ಕ್ಕೆ 1 ಇದ್ದರೆ ಲೀಟರಿಗೆ 40, 50ಕ್ಕೆ 1 ಇದ್ದರೆ 20. 50ಕ್ಕೆ 1 ಅಂದಲ್ಲಿ ಅವರು ಹೇಳಿದ ದರ್ಜೆಯ ಆಯಿಲ್ಲೇ ಬೇಕು, ಡಬ್ಬಿ ಮೇಲೆ ಜಾಸೋ ಎಫ್‌ಡಿ ಅಂತೆಲ್ಲ ಇರುತ್ತದೆ. ಬಿಡಿಯಾಗಿ ಸಿಗುವ ಹೆಸರಿಲ್ಲದ ಟೂಟಿ ಬೇಡ. ಬೈಕಿನ ನಾಲ್ಕು ಸ್ಟ್ರೋಕಿನ ಎಂಜಿನ್ ಆಯಿಲ್ ಅಂತೂ ಬೇಡವೇ ಬೇಡ. 60 ಹಾಕಿದರೆ ಕರಿ ಕಟ್ಟಿ ಸೈಲೆನ್ಸರ್ ಜಾಳಿಗೆ ಮುಚ್ಚುತ್ತದೆ, ಪ್ಲಗ್ ಒದ್ದೆಯಾಗುತ್ತದೆ. ಆಯಿಲ್ ಜಾಸ್ತಿ ಆದಷ್ಟು ಪೆಟ್ರೋಲಿನ ಪಾಲು ಕಡಿಮೆ ಆಗುತ್ತದೆ ಅನ್ನುವುದನ್ನೂ ಮರೆಯಬೇಡಿ.

ಅಡಿಕೆತೋಟ_ಶಿರಸಿ
ಹೊಸ ಸ್ಕ್ರೂ ಎರಡು ಹಾಕಿದೆ, ನೀಲಿ ಲಾಕರ್ ಸಮೇತ. ಕಾರ್ಡಿಟ್ಟು ಕಾಯಿಲ್ ಕೂರಿಸಿದೆ. ಮೂರನೇ ಎಳೆತಕ್ಕೆ ಸ್ಟಾರ್ಟ್! ಹಗ್ಗ ಕಿತ್ತುಕೊಳ್ಳಲಿಲ್ಲ, ಅದುರುವುದೂ ಮೊದಲಿನಷ್ಟೇ. ಕೆಳಗಿನ ಸಾಲು ಪೂರ್ತಿ ಸವರಿದೆ. ಅಂಕೋಲಾದವರೆ, ದೊಡ್ಡ ಉಪಕಾರ ಆಯಿತು. ಶಿರಸಿ ಕಡೆ ಬಂದರೆ ಮನೆಗೆ ಬನ್ನಿ, ತೊಡದೇವು ಕೊಡುತ್ತೇವೆ.

ಸಿದ್ದಾಪುರ_ಮಳೆ
ಬರೀ ಅಂಕೋಲಾದವರಿಗೆ ತೊಡದೇವಾ ಭಾವ? ನಾವೂ ಇಷ್ಟು ಹೊತ್ತು ಕೂತು ಓದಿದ್ದೇವೆ.

ಬನವಾಸಿಯವ
ಸರಿ, ಒಳ್ಳೆಯದೇ ಆಯಿತು. ಆದರೂ ಆ ಅಂಗಡಿ ಯಾವುದು ಅಂತ ಹೇಳಿಬಿಡಿ, ನಾವೂ ಎಚ್ಚರ ಇರಬಹುದು.

ಅಡಿಕೆತೋಟ_ಶಿರಸಿ
ಹೆಸರು ಬೇಡ ಬಿಡಿ. ಹಂಗಾಮಿನಲ್ಲಿ ಅವರ ಎದುರು ಮಷಿನ್ ರಾಶಿ ಬಿದ್ದಿರುತ್ತದೆ. ಬಿಚ್ಚಿ ನೋಡಲು ಪುರುಸೊತ್ತು ಇಲ್ಲ ಅಂದಿದ್ದರೂ ನನಗೆ ಬೇಜಾರಾಗುತ್ತಿರಲಿಲ್ಲ.

ಶರಾವತಿ_ಹೊನ್ನಾವರ
ನನ್ನದರ ವರದಿ. ನಿಂತ ಕೂಡಲೇ ಮುಚ್ಚಳ ತೆಗೆದೆ, ಸುಯ್ ಅಂತಲೂ ಇಲ್ಲ, ಸ್ಟಾರ್ಟೂ ಇಲ್ಲ. ಹೊಸ ಪ್ಲಗ್ ಹಿಡಿದು ಎಳೆದರೆ ಕಿಡಿ ಇಲ್ಲ. ಊಟ ಮಾಡಿ ಬಂದು ಎಳೆದರೆ ನೀಲಿ ಕಿಡಿ. ಕಾಯಿಲ್ಲೇ ಅಲ್ವಾ?

ಕಾಳಿ_ದಂಡೆ
ಮೊದಲೇ ಹೇಳಿದೆ.

ಅಂಕೋಲಾ_ರಿಪೇರಿ
ಹೌದು, ಕಾಯಿಲ್. ಹೊಸದು ತರುವಾಗ ಹಳೆಯದನ್ನು ಜೊತೆಗೆ ಒಯ್ಯಿರಿ. ಸ್ಕ್ರೂ ತೂತಿನ ಅಂತರ ಒಂದೇ ಇರಬೇಕು. ಸ್ವಿಚ್ಚಿನ ವಯರ್ ಬಿಸಿಗೆ ಮೆತ್ತಗಾಗಿ ಎಲ್ಲೂ ತಾಗುತ್ತಿಲ್ಲ ಅಂತ ಒಮ್ಮೆ ಖಾತ್ರಿ ಮಾಡಿಕೊಳ್ಳಿ, ಕಾಯಿಲಿಗೆ ದುಡ್ಡು ಕೊಡುವ ಮೊದಲು.

ಕುಮಟಾ_ತೆಂಗು
ನಾನು ಕಿಟ್ ಹಾಕಿಸುವುದು ಬಿಟ್ಟು ನಾಲ್ಕು ಸ್ಟ್ರೋಕಿನದು ತಗೊಳ್ಳುವ ಯೋಚನೆಯಲ್ಲಿದ್ದೇನೆ. ಬೆರೆಸುವ ರಗಳೆಯೇ ಇಲ್ಲ. ಹುಡುಗ ಬೈಕಿನ ಪೆಟ್ರೋಲ್ ಸುರಿದರೂ ಅಡ್ಡಿಲ್ಲ.

ಯಲ್ಲಾಪುರ_ಘಟ್ಟ
ಭಾರ ಜಾಸ್ತಿ. ಘಟ್ಟದ ಇಳಿಜಾರಿನಲ್ಲಿ ಸೊಂಟ ಹೋಗುತ್ತದೆ.

ಅಂಕೋಲಾ_ರಿಪೇರಿ
ಕರಾವಳಿಯ ಸಪಾಟು ಜಾಗಕ್ಕೆ ಒಳ್ಳೆಯದೇ. ಆದರೆ ಆಯಿಲ್ ನೋಡುವ ಕೆಲಸ ತಪ್ಪುವುದಿಲ್ಲ. ಹೋಂಡಾ ಜಿಎಕ್ಸ್ 35ನಂಥ 35.8 ಸಿಸಿ ಎಂಜಿನ್‌ಗೆ ಹಿಡಿಯುವುದೇ 100 ಎಂಎಲ್ ಆಯಿಲ್. ಅಷ್ಟರಲ್ಲಿ ಸ್ವಲ್ಪ ಇಳಿದರೂ ಕಷ್ಟ. ದಿನಾ ಸ್ಟಾರ್ಟ್ ಮಾಡುವ ಮೊದಲು ಸಪಾಟು ನೆಲದಲ್ಲಿಟ್ಟು ಮುಚ್ಚಳ ತೆಗೆದು ನೋಡಬೇಕು. ಹುಡುಗನಿಗೆ ಅದನ್ನು ಕಲಿಸಿ. ಹಳೆ ಟೂಟಿ ಕ್ಯಾನ್ ಮಾತ್ರ ಮನೆಯಲ್ಲಿ ಇಡಬೇಡಿ, ಈಗ ಅವನು ಅದನ್ನು ಇದಕ್ಕೆ ಸುರಿಯುತ್ತಾನೆ.

ಕುಮಟಾ_ತೆಂಗು
ಹಾಗಾದರೆ ಹಳೆ ಮಷಿನ್ ಯಾರಿಗಾದರೂ ಬೇಕಾ? ಶಾಫ್ಟ್, ಗೇರ್ ಬಾಕ್ಸ್, ಕಾಯಿಲ್ ಎಲ್ಲ ಚೆನ್ನಾಗಿವೆ. ಪಿಸ್ಟನ್ ಒಂದು ಬಿಟ್ಟು.

ಶರಾವತಿ_ಹೊನ್ನಾವರ
ಕಾಯಿಲ್ ನನಗೆ ಇಡಿ! ಎಷ್ಟು ಸಿಸಿ ನಿಮ್ಮದು? ಸ್ಕ್ರೂ ತೂತಿನ ಅಂತರ ಅಳೆದು ಹೇಳಿ.